ಮೇಘಗಡದ ಅರಸ ಸತ್ತದ್ದು ಯಾವಾಗ?

ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ಎದ್ದಿತೆಂದರೆ ನನಗೆ ಹಸಿವೆಯಾಗುವುದಿಲ್ಲ, ಹೊಟ್ಟೆಕಿಚ್ಚಾಗುತ್ತದೆ. ಇದನ್ನು ವೈದ್ಯರ ಮುಂದೆ ಹೇಳುವಂತಿಲ್ಲ. ಹೇಳಿದರೆ ಪಿತ್ತವೆಂದು ಯಾವುದೋ ಕಷಾಯ ಕೊಟ್ಟಾರು. ಆ ಕಷಾಯದಿಂದ ಇನ್ಯಾವ ಬೇನೆ ಹುಟ್ಟೀತೋ ಎಂಬ ಚಿಂತೆ ಮತ್ತೆ ಬೇರೆ. ಇವತ್ತು ಮುಂಜಾನೆ ಒಳಗೆ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದಾರೆ. ನಾನು ಪಡಸಾಲೆಯಲ್ಲಿ ಕುಳಿತು ಎಂದಿನಂತೆ ಸೀಮೆಎಣ್ಣೆ ವಾರದ ಕೊನೆಯವರೆಗೆ ಸಾಕಾದೀತೇ ಎಂದು ಯೋಚಿಸುತ್ತಿದ್ದೆ. ಸಿಪ್ಪೆ ಕಂದುವ ವಾಸನೆ ಬಂದದ್ದೇ ತಡ, ಸೀಮೆಎಣ್ಣೆ ಮರೆತುಹೋಯಿತು. ಮೂಗು ನನ್ನನ್ನು ಹುಬ್ಬಳ್ಳಿಯ ಸಿನೆಮಾ ಮಂದಿರವೊಂದರ ಬಾಗಿಲಿಗೆ ಒಯ್ದು ನಿಲ್ಲಿಸಿತು. ಆ ಬಾಗಿಲಲ್ಲಿ ಆಗ ಒಬ್ಬ ಮುದುಕ ಉಸುಕಿನಲ್ಲಿ ಶೇಂಗಾ ಹುರಿದು ಕಾಗದದ ಸುರುಳಿಯಲ್ಲಿ ಕೊಡುತ್ತಿದ್ದ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆಂಬುದು ನನಗೆ ಗೊತ್ತು. ವಾಸಣ್ಣನ ಹತ್ತಿರ.

ವಾಸಣ್ಣ ಎಂದರೆ ನನ್ನ ಹೆಂಡತಿಯ ಸೋದರತ್ತೆಯ ಮಗ. ನಮ್ಮ ಕಡೆಯವರಿಗೆ ಈ ಸಂಬಂಧದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿ ತೊಟ್ಟಿಲಲ್ಲಿದ್ದಾಗಲೇ "ಇಕಿ ನಮ್ಮ ವಾಸೂಗ" ಎಂದು ಅತ್ತೆ ಅಂದುಬಿಟ್ಟಿರುತ್ತಾಳೆ. ಅಂದಿದ್ದಳು ಕೂಡ. ಆಮೇಲೆ ಜಾತಕ ಕೂಡಲಿಲ್ಲವಂತೆ. ಹೀಗೆ ಒಬ್ಬರ ಗ್ರಹಗಳು ಕೈಕೊಟ್ಟದ್ದರಿಂದ ಧಾರವಾಡದ ಕಚೇರಿಯಲ್ಲಿ ಕಾರಕೂನನಾಗಿದ್ದ ನನಗೆ ಮದುವೆಯಾಯಿತು. ಅವನಿಗೆ ಇದರ ಬಗ್ಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಬೇರೆ ಕಡೆ ಮದುವೆಯಾದ, ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ನೌಕರಿ ಹಿಡಿದ, ಸುಖವಾಗಿದ್ದ. ಬೇಸರವೆಲ್ಲ ನನಗೆ. ಅವನು ಎತ್ತರ, ನಾನು ಕುಳ್ಳ. ಅವನಿಗೆ ಗುಂಗುರು ಕೂದಲು. ನನಗೆ ಆಗಲೇ ನೆತ್ತಿಯ ಮೇಲೆ ಗಾಳಿ ನೇರವಾಗಿ ತಾಗುತ್ತಿತ್ತು. ಅವನು ಹಾಡುತ್ತಿದ್ದ. ಮದುವೆಯಲ್ಲಿ ನಮ್ಮ ಮನೆಯವರು ನನ್ನ ಹೆಂಡತಿಗೆ ರಮಾ ಎಂದು ಹೊಸ ಹೆಸರಿಟ್ಟಿದ್ದರು. ಅವನು ಮಾತ್ರ ಹೊಸ್ತಿಲು ದಾಟುವ ಮೊದಲೇ "ಅಂಬೂ, ಛಾ ಇಡು!" ಎಂದು ತವರಿನ ಹೆಸರು ಹಿಡಿದು ಕೂಗುತ್ತಿದ್ದ. ಒಳಗಿನಿಂದ "ಬಂದ್ಯಾ?" ಎಂದು ಬರುತ್ತಿದ್ದ ಆ ಧ್ವನಿ ರಮಾಳದ್ದಲ್ಲ. ಆ ಧ್ವನಿಯ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ.

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಆದರೆ ಅವನು ಒಳ್ಳೆಯವನು. ನನ್ನ ತೊಂದರೆಯೆಲ್ಲ ಇರುವುದು ಇಲ್ಲಿಯೇ.

ಈಗ 'ಮೇಘಗಡದ ರಾಣಿ' ಎಂಬ ಸಿನೆಮಾದ ಸುದ್ದಿಗೆ ಬರುತ್ತೇನೆ. ಆಗಿನ ಸಿನೆಮಾಕ್ಕೆ ಬಾಯಿ ಇರಲಿಲ್ಲ. ಪರದೆಯ ಬುಡದಲ್ಲಿ ಒಬ್ಬ ಹಾರ್ಮೋನಿಯಂ, ಇನ್ನೊಬ್ಬ ತಬಲಾ ಹಿಡಿದು ಕುಳಿತಿರುತ್ತಿದ್ದರು. ನಡುನಡುವೆ ಪರದೆಯ ಮೇಲೆ ಅಕ್ಷರ ಬಂದಾಗ ಓದಲು ಬಾರದವರಿಗಾಗಿ ಒಬ್ಬ ನಿಂತು ಗಟ್ಟಿಯಾಗಿ ಓದುತ್ತಿದ್ದ. ನನ್ನ ಮದುವೆಯಾದ ವರ್ಷ, ದಸರೆ ಮುಗಿದ ಮೇಲೆ ಈ ಚಿತ್ರ ಧಾರವಾಡಕ್ಕೆ ಬಂತು. ಫಿಲ್ಮಿಗೆ ಬೆಂಕಿ ಬೇಗ ಹತ್ತುತ್ತದೆಂದು ಎಲ್ಲಿಯೋ ಕೇಳಿದ್ದೆನಾದ್ದರಿಂದ ಬಾಗಿಲ ಪಕ್ಕದಲ್ಲಿಯೇ, ಒಂದು ಕಾಲು ಹೊರಗಿಟ್ಟವನ ಹಾಗೆ ಕುಳಿತೆ. ಕಥೆ ದೊಡ್ಡದೇನಲ್ಲ. ಮೇಘಗಡವೆಂಬ ಕೋಟೆ, ಅದಕ್ಕೊಬ್ಬ ಅರಸ, ರಾಣಿ, ಎಳೆಯ ಯುವರಾಜ, ವೈರಿಯ ಮುತ್ತಿಗೆ. ಕೊನೆಗೆ ಅರಸ ಕೋಟೆಯ ಮಹಾದ್ವಾರದಲ್ಲಿ ಹೋರಾಡುತ್ತ ಬಿದ್ದು ಸಾಯುತ್ತಾನೆ. ರಾಣಿ ಅವನ ಕತ್ತಿಯನ್ನು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಅಲ್ಲಿಗೆ ಮುಗಿಯಿತು.

ಆದರೆ ಅರಸ ಯುದ್ಧಕ್ಕೆ ಹೊರಡುವಾಗ ರಾಣಿ ಕಿಟಕಿಗೆ ಬರುತ್ತಾಳಲ್ಲ, ಅದನ್ನು ನೀವು ನೋಡಬೇಕಾಗಿತ್ತು. ಅವಳು ಮೇಲಿನಿಂದ ನೋಡುತ್ತಾಳೆ. ಅವನು ಕುದುರೆಯ ಮೇಲಿನಿಂದ ನೋಡುತ್ತಾನೆ. ಧೂಳು ಏಳುತ್ತದೆ, ಕುದುರೆ ಕಾಲು ಕೆರೆಯುತ್ತದೆ, ಹಿಂದೆ ದಂಡು ಕಾಯುತ್ತಿದೆ, ಇವರಿಬ್ಬರೂ ನೋಡುತ್ತಲೇ ಇದ್ದಾರೆ. ಪರದೆಯ ಮೇಲೆ ಒಂದು ಅಕ್ಷರ ಬರಲಿಲ್ಲ. ಓದುವವನು ಸುಮ್ಮನೆ ನಿಂತ. ಹಾರ್ಮೋನಿಯಂನವನು ಕೂಡ ಕೈ ತಡೆದು ತಲೆ ಎತ್ತಿ ನೋಡಿದ. ನಾನು ಬಾಗಿಲನ್ನೂ ಬೆಂಕಿಯನ್ನೂ ಮರೆತೆ. ಇವರು ಏನು ಮಾತಾಡಿಕೊಳ್ಳುತ್ತಿದ್ದಾರೆಂದು ಆ ಮಂದಿರದಲ್ಲಿ ನನ್ನೊಬ್ಬನಿಗೆ ಗೊತ್ತಾದ ಹಾಗೆ ಅನಿಸಿತು.

ಅದೇ ಕಾರ್ತೀಕದಲ್ಲಿ ನಮ್ಮವ್ವ ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ದೇವರಿಗೆ ಒಂದು ಲಕ್ಷ ಹತ್ತಿಯ ಬತ್ತಿ ಹೊಸೆದು ಹಚ್ಚುವುದೆಂದರೆ ಸಣ್ಣ ಕೆಲಸವಲ್ಲ. ದೀಪ ಹಚ್ಚಿದ ಮೇಲೆ ಊಟದ ಹೊತ್ತಿನವರೆಗೆ ಮನೆಯ ಹೆಂಗಸರು ನಡುಮನೆಯಲ್ಲಿ ಹತ್ತಿಯ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದರು: ನಮ್ಮವ್ವ, ವಿಧವೆಯಾಗಿ ನಮ್ಮಲ್ಲಿಯೇ ಇದ್ದ ನನ್ನ ಸೋದರತ್ತೆ ಸೋನಕ್ಕ, ಮತ್ತು ಕಂಬದ ಮರೆಗೆ ಸರಿದು ಕುಳಿತ ನನ್ನ ಹೊಸ ಹೆಂಡತಿ. ಕೈಗೆ ಕೆಲಸವಿತ್ತು, ಕಿವಿಗೆ ಬೇಕಲ್ಲ? "ಏನೋ ಸಿನೆಮಾ ನೋಡಿ ಬಂದ್ಯಂತಲ್ಲ, ಹೇಳು" ಎಂದಳು ನಮ್ಮವ್ವ. ಆಗ ಹೆಂಗಸರು ಸಿನೆಮಾಕ್ಕೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಮನೆಯ ಗಂಡಸರು ನೋಡಿ ಬಂದು ಹೇಳಬೇಕು. ಅದೇ ಅವರ ಸಿನೆಮಾ. ಬತ್ತಿ ಮುಗಿಯುವವರೆಗೆ ಕಥೆ ಮುಗಿಯಕೂಡದೆಂಬುದು ಒಂದೇ ಕರಾರು. ಒಂದು ಸಂಜೆಯಲ್ಲಿ ನೋಡಿದ್ದನ್ನು ತಿಂಗಳೆಲ್ಲ ಎಳೆಯಬೇಕಾಯಿತು.

ಇನ್ನೊಂದು ಮಾತು ಹೇಳದೆ ಇದು ನಿಮಗೆ ತಿಳಿಯುವುದಿಲ್ಲ. ಹಿರಿಯರೆದುರಿಗೆ ಗಂಡಹೆಂಡಿರು ಮಾತಾಡುವುದು ಆಗ ನಾಚಿಕೆಗೇಡು. ಮೊದಲ ವರ್ಷ ಹಗಲು ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಕೂಡಿಸಿದರೆ "ನೀರು", "ಹಾಂ", "ಟೊಪಿಗಿ ಎಲ್ಲೆ ಅದ?" ಇಷ್ಟೇ ಆದೀತು. ಹೀಗಿರುವಾಗ ಒಬ್ಬ ಅರಸನೂ ಒಬ್ಬಳು ರಾಣಿಯೂ ಮಾತಿಲ್ಲದೆ ನಿಂತಿರುವ ಕಿಟಕಿಯೊಂದು ನನ್ನ ಕೈಗೆ ಸಿಕ್ಕಿತು. ಕಾರಕೂನನಾದ ನಾನು ಅದನ್ನು ಸುಮ್ಮನೆ ಬಿಟ್ಟೇನೆಯೇ?

"ಅರಸ ಅಂತಾನ," ಎಂದು ಶುರುಮಾಡುತ್ತಿದ್ದೆ, ನಮ್ಮವ್ವನ ಕಡೆ ನೋಡುತ್ತ. "ರಾಣಿ, ಮುಂಜಾನಿಂದ ಸಂಜೀತನಾ ಮಂದೀ ಕೂಡ ಮಾತಾಡೇ ಮಾತಾಡ್ತೇನಿ. ನಿನಗ ಹೇಳಬೇಕಾದ ಮಾತು ಮಾತ್ರ ಹಂಗಽ ಉಳದುಬಿಡ್ತದ. ಕಚೇರಿ ಬಿಟ್ಟು ಬರೂಮುಂದ ದಾರಿ ತುಂಬ ಅದನ್ನಽ ಜೋಡಿಸ್ಕೋತ ಬರ್ತೇನಿ…"

"ಅರಸಗ ಎಂಥಾ ಕಚೇರಿಯೋ?" ಎಂದಳು ನಮ್ಮವ್ವ.

"ದರಬಾರ, ಅವ್ವಾ. ದರಬಾರ ಅಂದೆ."

ಕಂಬದ ಮರೆಯಲ್ಲಿ ಬತ್ತಿ ಹೊಸೆಯುವ ಕೈ ನಿಂತಿತು. ತಲೆ ಮೇಲೇಳಲಿಲ್ಲ. ಕೈ ಮಾತ್ರ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊಸೆಯತೊಡಗಿತು. ಅಷ್ಟು ನನಗೆ ಸಾಕಾಗಿತ್ತು. ಮರುದಿನ ಕಚೇರಿಯಲ್ಲಿ ಕಾಗದಗಳ ನಡುವೆ ಅರಸನಿಗೆ ಮಾತು ಹುಡುಕುತ್ತ ಕುಳಿತೆ. ಅರಸ ರಾಣಿಯ ಕೈಯ ಬಳೆಯ ಸುದ್ದಿ ಮಾತಾಡಿದ, ಅವಳು ತವರಿಗೆ ಹೋದಾಗ ಅರಮನೆ ಹೇಗಿತ್ತೆಂದು ಮಾತಾಡಿದ, ತನಗೆ ಮಾತು ಬರುವುದಿಲ್ಲವೆಂಬ ವಿಷಯವನ್ನೇ ಒಂದು ಸಂಜೆಯೆಲ್ಲ ಮಾತಾಡಿದ. ದಂಡು ಹೊರಗೆ ಕಾಯುತ್ತಲೇ ಇತ್ತು. ಸೋನಕ್ಕತ್ತೆ ಒಮ್ಮೆ, "ಕುದರಿಗೆ ನೀರರೆ ಕುಡಸೋ ಪಾಪ" ಎಂದಳು.

ಸೋನಕ್ಕತ್ತೆಯದು ಇನ್ನೊಂದು ಕಟ್ಟಳೆ. "ದೇವರ ಬತ್ತಿ ಹೊಸಿಯೂಮುಂದ ಸಾಯೂದು ಗೀಯೂದು ಹೇಳಬ್ಯಾಡಪಾ, ಬತ್ತಿಗೆ ಸೂತಕ ಹತ್ತತದ." ಹೀಗಾಗಿ ನನ್ನ ಯುದ್ಧದಲ್ಲಿ ಯಾರೂ ಸಾಯಲಿಲ್ಲ. ಗಾಯವಾದವರು ಮನೆಗೆ ಹೋಗಿ ಅರಿಷಿಣ ಹಚ್ಚಿಕೊಂಡರು. ಆದರೆ ಕೊನೆಯ ಹತ್ತಿಯ ದಿನ ಕಥೆಯೂ ಕೊನೆಗೆ ಬಂತು. "ಅರಸ ಮಹಾದ್ವಾರದಾಗ ಬಿದ್ದಾ," ಎಂದೆ. ಎಲ್ಲ ಕೈಗಳೂ ನಿಂತವು. ಕಂಬದ ಮರೆಯ ಕೈಯನ್ನು ನೋಡಿದೆ. ಅದು ಬತ್ತಿಯನ್ನು ಹಿಡಿದುಕೊಂಡಿತ್ತು, ಹೊಸೆಯುತ್ತಿರಲಿಲ್ಲ, ಕೆಳಗೂ ಇಡುತ್ತಿರಲಿಲ್ಲ.

"ಬಿದ್ದನಽ? ಆಮ್ಯಾಲೆ?" ಎಂದಳು ನಮ್ಮವ್ವ.

"ಎದ್ದಾ," ಎಂದೆ. "ಕಲ್ಲು ಎಡವಿ ಬಿದ್ದಿದ್ದಾ. ಎದ್ದು ವೈರಿನ್ನ ಓಡಿಸಿ ಬಂದಾ. ರಾಣಿ ಆರತಿ ಮಾಡಿದ್ಳು."

ಲಕ್ಷಬತ್ತಿ ಸಾಂಗವಾಗಿ ಮುಗಿಯಿತು.

ಅದಾದ ಮೇಲೆ ವರ್ಷಗಳು ಹೋದವು. ಮಕ್ಕಳಾದವು. ಹಿರಿಯರೆದುರಿಗೆ ಮಾತಾಡಬಾರದೆಂಬ ಕಟ್ಟೂ ಸಡಿಲಾಯಿತು. ಆಗ ಒಂದು ವಿಚಿತ್ರ ನಡೆಯಿತು: ಮಾತಾಡಲು ಅಪ್ಪಣೆ ಸಿಕ್ಕಮೇಲೆ ಮಾತು ಕಡಿಮೆಯಾಯಿತು. ಮಗುವಿನ ಕೆಮ್ಮು, ಕಚೇರಿಯಲ್ಲಿ ಸಾಹೇಬನ ಸಿಟ್ಟು, ಬಾವಿಯ ಹಗ್ಗ ಹರಿಯುವ ಲಕ್ಷಣ – ಇಂಥ ವಿಷಯಗಳಲ್ಲಿ ನಾನು ಗಂಟೆಗಟ್ಟಲೆ ಮಾತಾಡಬಲ್ಲವನಾದೆ. ಅರಸನ ಗೊಡವೆಗೆ ಹೋಗಲಿಲ್ಲ. ಅಷ್ಟರಲ್ಲಿ ಸಿನೆಮಾಕ್ಕೆ ಬಾಯಿ ಬಂತು. ಒಂದು ದಿನ ಹುಬ್ಬಳ್ಳಿಯಲ್ಲಿ 'ಮೇಘಗಡದ ಯುವರಾಜ' ಎಂಬ ಮಾತಾಡುವ ಚಿತ್ರ ಬಂದಿದೆ, ಅದು 'ಮೇಘಗಡದ ರಾಣಿ'ಯ ಮುಂದಿನ ಭಾಗ ಎಂದು ಸುದ್ದಿಯಾಯಿತು.

ನಾನು ಹುಬ್ಬಳ್ಳಿಗೆ ಹೋಗಿ ನೋಡಬೇಕೆಂದುಕೊಂಡೆ. ಹೋಗುವ ಮೊದಲು ನೆಗಡಿಯಾದೀತೇ, ರೈಲು ತಪ್ಪೀತೇ ಎಂದು ಚಿಂತಿಸಿದೆ. ನಾನು ಚಿಂತಿಸುತ್ತಿರುವಾಗ ವಾಸಣ್ಣ ಆ ಚಿತ್ರವನ್ನು ನೋಡಿಯೇಬಿಟ್ಟ. ರವಿವಾರ ಮುಂಜಾನೆಯೇ ಅವಲಕ್ಕಿ ಚೂಡಾದ ಪುಡಿಕೆ ಹಿಡಿದುಕೊಂಡು ಬಂದ. ಛಾ ಕುಡಿದು, ಬಾಯಿ ಒರೆಸಿಕೊಂಡು, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. ನಮ್ಮವ್ವ, ಸೋನಕ್ಕತ್ತೆ ಎದುರಿಗೆ ಬಂದು ಕುಳಿತರು. ನನ್ನ ಹೆಂಡತಿ ಈಗ ಕಂಬದ ಮರೆಗೆ ಹೋಗಲಿಲ್ಲ. ತವರಿನವನು ಬಂದಿದ್ದಾನೆ, ಮುಂದೆಯೇ ಕುಳಿತಳು.

"ಕೇಳ್ರಿ ಕಾಕೂ," ಎಂದ ನಮ್ಮವ್ವನಿಗೆ. "ಅರಸ ಸತ್ತು ಬಾಳ ವರ್ಷ ಆಗ್ಯಾವ. ಯುವರಾಜ ದೊಡ್ಡಾಂವ ಆಗ್ಯಾನ…"

"ಯಾವ ಅರಸ?" ಎಂದಳು ನಮ್ಮವ್ವ.

"ಮೇಘಗಡದ ಅರಸರಿ. ಮಹಾದ್ವಾರದಾಗ ಬಿದ್ದನಲ್ಲ, ಅಂವಾ."

"ಬಿದ್ದು ಎದ್ದನಲ್ಲೋ! ಆರತಿ ಮಾಡಿದ್ರಲ್ಲ!"

ಆ ಕ್ಷಣವನ್ನು ನಾನು ಸಾಯುವವರೆಗೆ ಮರೆಯಲಾರೆ. ನಮ್ಮವ್ವ, ಅತ್ತೆ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಿ, ತೊಲೆಗೆ ಗೆದ್ದಲು ಹತ್ತಿದೆಯೋ ಎಂದು ಪರೀಕ್ಷಿಸುವವನಂತೆ ಮಾಳಿಗೆಯನ್ನು ನೋಡತೊಡಗಿದೆ. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ವಾಸಣ್ಣ ನನ್ನ ಮುಖ ನೋಡಿದ, ಹೆಂಗಸರ ಮುಖ ನೋಡಿದ. ಒಂದು ಚಿಟಿಕೆ ಚೂಡಾ ಬಾಯಿಗೆ ಹಾಕಿಕೊಂಡ. ಅದನ್ನು ಅಗಿದು ನುಂಗುವಷ್ಟರಲ್ಲಿ ಅವನಿಗೆ ಎಲ್ಲ ತಿಳಿದುಹೋಗಿತ್ತು.

"ಎದ್ದಾ!" ಎಂದ. "ಎದ್ದನಲ್ಲ ಮತ್ತ! ನಾ ಹೇಳಿದ್ದು ಊರ ಮಂದಿ ಮಾತು ಕಾಕೂ. ಅರಸ ಸತ್ತ ಅಂತ ಮಂದಿ ತಿಳಕೊಂಡಾರ. ಖರೇ ಏನಾಗ್ಯದ ಅಂದ್ರ, ಗೆದ್ದ ಮ್ಯಾಲೆ ಅವಗ ರಾಜ್ಯದ ಮ್ಯಾಲೆ ಬ್ಯಾಸರ ಬಂತು. ಯಾರಿಗೂ ಹೇಳದಂಗ ಬೈರಾಗಿ ಆಗಿ ಹೋಗಿಬಿಟ್ಟಾ."

"ಅಯ್ಯ ಶಿವನ! ರಾಣಿಗೂ ಹೇಳ್ಲಿಲ್ಲ?" ಎಂದಳು ನಮ್ಮವ್ವ.

"ರಾಣಿಗೂ ಇಲ್ಲ."

ಅಲ್ಲಿಂದ ಅವನು ಹಿಡಿದ ಓಟವನ್ನು ಏನೆಂದು ಹೇಳಲಿ! ಬೈರಾಗಿಯಾದ ಅರಸ ಕಾಡು ಅಲೆದ, ಕಾಯಿಲೆ ಬಿದ್ದ, ಕುರುಬರ ಹಟ್ಟಿಯಲ್ಲಿ ಗುಣವಾದ, ಮಗನಿಗೆ ಆಪತ್ತು ಬಂದಿದೆಯೆಂದು ಕೇಳಿ ಮೇಘಗಡಕ್ಕೆ ತಿರುಗಿ ಬಂದ. ಗಡ್ಡ ಬೆಳೆದದ್ದರಿಂದ ಯಾರಿಗೂ ಗುರುತು ಸಿಗಲಿಲ್ಲ. ಸಂಜೆ ಹೊತ್ತಿಗೆ ರಾಣಿಯ ಕಿಟಕಿಯ ಕೆಳಗೆ ಕುಳಿತು ಹಾಡಿದ. ಇಲ್ಲಿ ವಾಸಣ್ಣ ತಾನೇ ಹಾಡಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

"ರಾಣಿಗೆ ಗುರ್ತು ಸಿಗ್ತೇನು?" ಎಂದು ನನ್ನ ಹೆಂಡತಿ ಕೇಳಿದಳು. ತಲೆ ಎತ್ತಿ ಕೇಳಿದಳು, ಗಟ್ಟಿಯಾಗಿ ಕೇಳಿದಳು.

"ಕೇಳೂದೇನ, ಅಂಬೂ? ಮೊದಲನೇ ಅಕ್ಷರಕ್ಕಽ ಸಿಕ್ತು!"

ಅವಳು ನಕ್ಕಳು. ನನ್ನ ಅರಸನನ್ನು ನಾನು ಎದೆಯೊಳಗೆ ಮಾತು ಹಾಕಿ ಹಾಕಿ ಬೆಳೆಸಿದ್ದೆ. ಅವನನ್ನು ಸಾವಿನಿಂದ ಬದುಕಿಸಿದವನೂ ನಾನೇ. ಅಂಥವನು ಈಗ ಗಡ್ಡ ಬಿಟ್ಟುಕೊಂಡು ಇನ್ನೊಬ್ಬನ ಕಂಠದಲ್ಲಿ, ನನ್ನ ಹೆಂಡತಿಯ ಎದುರಿಗೆ, ನನ್ನ ಮನೆಯಲ್ಲಿಯೇ ಕುಳಿತು ಹಾಡುತ್ತಿದ್ದ. ಬಾಯಿ ತೆರೆದು "ಇದೆಲ್ಲ ಸುಳ್ಳು" ಎಂದೆನೋ, ಮೊದಲು ಸಿಕ್ಕಿಬೀಳುವವನು ನಾನೇ.

ಸಂಜೆ ಅವನನ್ನು ಟಾಂಗಾ ನಿಲ್ಲುವಲ್ಲಿಯವರೆಗೆ ಕಳಿಸಲು ಹೋದೆ. "ಏನ್ರೀ ರಾಯರ," ಎಂದು ಹೆಗಲ ಮೇಲೆ ಕೈ ಹಾಕಿದ, "ಅರಸನ್ನ ಉಳಿಸಿಬಿಟ್ಟೀರಲ್ಲ! ಮೊದಲಽ ಒಂದು ಮಾತು ಹೇಳಬ್ಯಾಡೇನು? ಎಷ್ಟು ಓಡಾಡಿಸಿದ್ರಿ ನನ್ನ!" ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಉಪಕಾರವಾಯಿತು ಎಂದು ನಾನು ಹೇಳಬೇಕಾಗಿತ್ತು. "ಟಾಂಗಾ ಬಂತು" ಎಂದೆ.

ಮುಂದಿನ ರವಿವಾರ ನೆಗಡಿಯನ್ನೂ ಲೆಕ್ಕಿಸದೆ ಹುಬ್ಬಳ್ಳಿಗೆ ಹೋದೆ. ಶೇಂಗಾದ ಸುರುಳಿ ಹಿಡಿದು ಒಳಗೆ ಕುಳಿತೆ. ದೇವರಾಣೆ ಹೇಳುತ್ತೇನೆ, ಅಂಥ ಕೆಟ್ಟ ಚಿತ್ರವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮೊದಲನೆಯ ಚಿತ್ರದ ರಾಣಿ ಇದರಲ್ಲಿ ಇರಲಿಲ್ಲ. ಪಾಪ, ಅವಳಿಗೆ ಹಿಂದೂಸ್ತಾನಿ ಮಾತು ಬರುತ್ತಿರಲಿಲ್ಲವಂತೆ. ಬದಲಿಗೆ ಬಂದವಳು ದಪ್ಪಗೆ, ಗಂಟಲು ದೊಡ್ಡದು. ಮಾತನ್ನು ಹಿಡಿಯುವ ಯಂತ್ರವನ್ನು ಹೂವಿನ ಕುಂಡದಲ್ಲಿ ಮುಚ್ಚಿಟ್ಟಿರುತ್ತಾರೆಂದು ಪಕ್ಕದವನು ಹೇಳಿದ. ಅದು ಖರೇ ಇರಬೇಕು. ಮಗ ಎಡಕ್ಕೆ ನಿಂತಿದ್ದರೂ ರಾಣಿ ಬಲಕ್ಕಿದ್ದ ಕುಂಡವನ್ನು ನೋಡಿಯೇ "ಬೇಟಾ" ಎಂದು ಅತ್ತಳು. ಮೊದಲನೆಯದರಲ್ಲಿ ದಂಡು ಹೊರಟರೆ ಪರದೆಯೆಲ್ಲ ಧೂಳಾಗುತ್ತಿತ್ತು, ನಾವು ಕೆಮ್ಮುವುದೊಂದು ಬಾಕಿ. ಇದರಲ್ಲಿ ಯುದ್ಧವೇ ಇಲ್ಲ. ಒಬ್ಬ ದೂತ ಓಡಿಬಂದು, ಯುದ್ಧವಾಯಿತು, ಗೆದ್ದೆವು ಎಂದು ವರದಿ ಒಪ್ಪಿಸಿ ಹಾಡಲು ಶುರುಮಾಡಿದ. ಆನೆಯ ಘೀಳು ಕೇಳಿಸಿತು, ಆನೆ ಬರಲಿಲ್ಲ. ಮಹಾದ್ವಾರವೆಂದು ತೋರಿಸಿದ್ದು ಯಾರೋ ಬಣ್ಣ ಬಳಿದ ಬಟ್ಟೆ. ಗಾಳಿಗೆ ಕೋಟೆ ಒಮ್ಮೆ ಅಲುಗಾಡಿತು. ಆಗ ಎರಡು ಕಣ್ಣು ಮಾಡಿದ ಕೆಲಸವನ್ನು ಈಗ ಎಷ್ಟೋ ಹಾಡು ಸೇರಿ ಮಾಡಲಾರದೆ ಹೋದವು. ನಮ್ಮ ಅರಸ? ಗೋಡೆಯ ಮೇಲೆ ಚಿತ್ರವಾಗಿ ಇದ್ದ. ದೊಡ್ಡ ಹಾರ ಹಾಕಿದ್ದರು.

ಚಿತ್ರ ಕೆಡುತ್ತ ಹೋದಂತೆ ನನ್ನ ಜೀವಕ್ಕೆ ತಂಪಾಗುತ್ತ ಹೋಯಿತು. ಕೋಟೆ ಅಲುಗಾಡಿದಾಗ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಆದರೆ ತಿರುಗಿ ಬರುವಾಗ ರೈಲಿನಲ್ಲಿ, ನವಲೂರು ಬರುವಷ್ಟರಲ್ಲಿ, ಬೇರೊಂದು ವಿಚಾರ ಬಂತು. ನನಗೆ ಆ ಕಿಟಕಿ ಸಿಕ್ಕಿತ್ತು, ಆ ಕಣ್ಣು ಸಿಕ್ಕಿದ್ದವು. ಅದರ ಮೇಲೆ ನಾಲ್ಕು ಮಾತು ಪೋಣಿಸಿದೆ. ವಾಸಣ್ಣನಿಗೆ ಸಿಕ್ಕದ್ದೇನು? ಈ ಅಲುಗಾಡುವ ಬಟ್ಟೆ, ಈ ಹೂವಿನ ಕುಂಡ! ಈ ಕಸದಿಂದ ಅವನು ಆ ಬೈರಾಗಿಯನ್ನು ಎಬ್ಬಿಸಿದ, ಅದೂ ಒಂದು ಚಿಟಿಕೆ ಚೂಡಾ ಅಗಿಯುವುದರೊಳಗೆ. ಜೀವಕ್ಕಾದ ತಂಪು ಅಲ್ಲಿಯೇ ಆರಿಹೋಯಿತು. ಧಾರವಾಡದ ಸ್ಟೇಶನ್ನಿನಲ್ಲಿ ಇಳಿದವನು ಹೋಗುವಾಗಿನದಕ್ಕಿಂತ ಹೆಚ್ಚು ಉರಿಯುತ್ತಿದ್ದೆ.

ಮನೆಯಲ್ಲಿ ನಮ್ಮವ್ವ ಕಾಯುತ್ತಿದ್ದಳು. "ಹೆಂಗಿತ್ತೋ? ವಾಸಣ್ಣ ಹೇಳಿದಂಗ ಅದ ಏನು?"

ಎರಡು ಚಿತ್ರಗಳಿಗೂ ಎಷ್ಟು ಅಂತರವಿದೆಯೆಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಹೇಳುವುದು ಹೇಗೆ? ಅರಸ ಇಲ್ಲ ಎಂದರೆ, ಎಲ್ಲಿ ಹೋದ ಎಂದು ಕೇಳುತ್ತಾರೆ. "ಛಲೋ ಅದ," ಎಂದೆ.

"ಅರಸ ಹೆಂಗ ಕಾಣಸ್ತಾನ?"

"ಛಲೋ ಕಾಣಸ್ತಾನ. ಮೈತುಂಬ ಹೂವು ಹಾಕ್ಕೊಂಡಾನ."

ನನ್ನ ಹೆಂಡತಿ ನನಗೆ ನೀರು ಕೊಡುತ್ತಿದ್ದವಳು ತಂಬಿಗೆಯನ್ನು ಅಲ್ಲಿಯೇ ಹಿಡಿದು ಒಂದು ಸಲ ನನ್ನ ಮುಖವನ್ನು ನೋಡಿದಳು.

ಕೆಲವು ತಿಂಗಳ ಮೇಲೆ ಆ ಚಿತ್ರ ಧಾರವಾಡಕ್ಕೂ ಬಂತು. ಮಂದಿ ಬರಲಿಲ್ಲ. ಸಿನೆಮಾ ಮಂದಿರದ ಮಾಲಿಕ ಉಪಾಯ ಮಾಡಿದ: ಹೆಣ್ಣುಮಕ್ಕಳಿಗಾಗಿಯೇ ಮಧ್ಯಾಹ್ನದ ಆಟ, ಅದೇ ಟಿಕೀಟಿನಲ್ಲಿ ಹಳೆಯ 'ಮೇಘಗಡದ ರಾಣಿ'ಯನ್ನೂ ಮೊದಲು ತೋರಿಸುವುದು. ಟಾಂಗಾದ ಮೇಲೆ ಹಲಗೆ ಕಟ್ಟಿ ಡೋಲು ಬಡಿಯುತ್ತ ನಮ್ಮ ಓಣಿಯಲ್ಲಿಯೇ ಸಾರಿಕೊಂಡು ಹೋದರು. ಇಷ್ಟು ದಿನ ಹೋಗದ ನಮ್ಮ ಮನೆಯ ಹೆಂಗಸರು ಈಗ ಎದ್ದು ನಿಂತರು. ನಾನು ನನ್ನ ಚಿಂತೆಯ ಭಂಡಾರವನ್ನೆಲ್ಲ ತೆರೆದೆ. ಕಣ್ಣು ಕೆಡುತ್ತದೆ, ಕತ್ತಲೆಯಲ್ಲಿ ಸರ ಕಳೆಯುತ್ತದೆ, ಬೆಂಕಿ ಹತ್ತುತ್ತದೆ.

"ನೀ ಎಷ್ಟು ಸರತೆ ಹೋಗಿ ಬಂದಿ, ಎಲ್ಲೆರೆ ಸುಟ್ಟದೇನು, ತೋರಿಸು," ಎಂದಳು ನಮ್ಮವ್ವ. ಎತ್ತಿನ ದಮಣಿ ಕಟ್ಟಿಸಿಕೊಂಡು ಹೊರಟೇಹೋದರು. ಅರಸನ ಕಥೆ ಪುರಾಣವಿದ್ದ ಹಾಗೆ, ದೋಷವಿಲ್ಲ ಎಂದು ಸೋನಕ್ಕತ್ತೆಯೂ ಹತ್ತಿದಳು.

ಆ ಮಧ್ಯಾಹ್ನ ಕಚೇರಿಯಲ್ಲಿ ನಾನು ಏನು ಬರೆದೆನೋ ಗೊತ್ತಿಲ್ಲ. ಈಗ ಅರಸ ಕುದುರೆ ಹತ್ತಿರಬೇಕು, ಈಗ ಕಿಟಕಿಗೆ ಬಂದಿರಬೇಕು, ಈಗ ಬಿದ್ದಿರಬೇಕು ಎಂದು ಗಡಿಯಾರವನ್ನೇ ನೋಡುತ್ತಿದ್ದೆ. ಸಂಜೆ ಮನೆಗೆ ಬಂದಾಗ ದಮಣಿ ಆಗತಾನೆ ನಿಂತಿತ್ತು. ಸೋನಕ್ಕತ್ತೆ ಇಳಿದವಳೇ ಯಾರನ್ನೂ ಮುಟ್ಟದೆ ಸೀದಾ ಬಚ್ಚಲಿಗೆ ಹೋಗಿ ತಲೆಯ ಮೇಲಿನಿಂದ ನೀರು ಸುರುವಿಕೊಂಡಳು. "ಇಷ್ಟು ವರ್ಷದ ಸೂತಕ," ಎಂದು ಒಳಗಿನಿಂದ ಕೂಗಿದಳು, "ಒಮ್ಮೆಲೇ ಬಂತು!"

ನಮ್ಮವ್ವ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆದಳು. "ಕಲ್ಲು ಎಡವಿ ಬಿದ್ದಿದ್ದನೇನೋ ಅಂವಾ?"

ನಾನು ಬಗ್ಗಿ ಚಪ್ಪಲಿ ಬಿಡತೊಡಗಿದೆ.

"ಮೈತುಂಬ ಹೂವು ಹಾಕ್ಕೊಂಡಾನ! ನಾಚಿಕಿ ಬರಂಗಿಲ್ಲ ನಿನಗ?" ಬೈಯುತ್ತ ಬೈಯುತ್ತ ಅವಳಿಗೇ ನಗು ಬಂತು. "ಮೊದಲನೇದು ಛಲೋ ಅದ. ಎರಡನೇದ್ರಾಗ ಬರೇ ಒದರ್ತಾರ. ಆದ್ರ ಒಂದು ಮಾತು ಹೇಳ್ತೇನಿ, ವಾಸಣ್ಣ ಹೇಳಿದ್ದು ಎರಡಕ್ಕಿಂತಾನೂ ಛಲೋ ಇತ್ತು ನೋಡು."

ತೂಕ ಮಾಡಿಯೇ ಬಿಟ್ಟಳು. ನನ್ನ ಹೆತ್ತ ತಾಯಿ!

ಹೆಂಡತಿ ಹಿತ್ತಲಲ್ಲಿ ತುಳಸಿಗೆ ದೀಪ ಹಚ್ಚುತ್ತಿದ್ದಳು. ಹೋಗಿ ನಿಂತೆ. ಸಿಟ್ಟು ಬಂದಿದೆಯೇನು ಎಂದು ಕೇಳಿದೆ.

"ಯಾಕ ಬರ್ಲಿ? ಅರಸ ಸಾಯೂದು ನನಗ ಮೊದಲಽ ಗೊತ್ತಿತ್ತು."

"ಯಾವಾಗ? ಎರಡನೇದ್ರ ಕಥಿ ಹೇಳೂಮುಂದ?"

"ಅಲ್ಲ. ಮದುವ್ಯಾದ ವರ್ಷ. ಪಂಚಮಿಗೆ ತವರಮನಿಗೆ ಹೋಗಿದ್ದೆನಲ್ಲ, ಹುಬ್ಬಳ್ಳ್ಯಾಗ ಆಗ ಅದಽ ಸಿನೆಮಾ ಬಂದಿತ್ತು. ವಾಸಣ್ಣ ಜೋಕಾಲಿ ತೂಗಿಕೋತ ಎಲ್ಲಾ ಹೇಳಿದ್ದಾ. ಅರಸ ಬೀಳೂದು, ರಾಣಿ ಕತ್ತಿ ಹಿಡಿಯೂದು."

ನೋಡಿದಿರಾ? ನನ್ನ ಸ್ವಂತದ್ದೆಂದು ನಾನು ತಿಳಿದಿದ್ದ ಮೊದಲನೆಯ ಭಾಗದಲ್ಲಿಯೂ ಅವನು ನನಗಿಂತ ಮೊದಲು ಬಂದು ಹೋಗಿದ್ದ.

"ಮತ್ತ ನಾ ಹೇಳೂಮುಂದ ಯಾಕ ಸುಮ್ಮನ ಕೂತಿ?" ಎಂದೆ.

"ನೀವು ಅರಸನ್ನ ಉಳಸ್ತೀರೋ ಇಲ್ಲೋ ನೋಡಬೇಕಾಗಿತ್ತು," ಎಂದಳು. ಬತ್ತಿಯ ತುದಿಯನ್ನು ಚಿವುಟಿ ಸರಿಮಾಡಿದಳು. "ಸಿನೆಮಾದಾಗ ಇವತ್ತು ಕಿಟಕಿ ಬಂತಲ್ಲ, ನಾ ಕಾಯ್ದೆ. ಕೈಬಳಿ ಮಾತು ಬರಲಿಲ್ಲ. ತವರಮನಿ ಮಾತೂ ಬರಲಿಲ್ಲ. ಅರಸ ಸುಮ್ಮನ ಹೊಂಟು ಹ್ವಾದಾ. ನಿಮ್ಮ ಅರಸ ಎಷ್ಟು ಮಾತಾಡ್ತಿದ್ದಾ!" ನನ್ನ ಕಡೆ ತಿರುಗದೆಯೇ ಕೇಳಿದಳು: "ಎಲ್ಲಿ ಹೋದಾ ಅಂವಾ? ಬಾಳ ದಿವಸಾತು, ಕಂಡೇ ಇಲ್ಲ."

ನಾನು ಏನೆಂದು ಉತ್ತರ ಕೊಟ್ಟೆ ಎಂದು ನೀವು ಕೇಳುವಿರಿ. ಗಾಳಿ ಜೋರಾಗಿದೆ, ದೀಪ ಆರೀತು ಎಂದೆ.

ಅಂದಿನಿಂದ ನನ್ನ ಹೊಟ್ಟೆಕಿಚ್ಚು ಮನೆ ಬದಲಿಸಿತು. ವಾಸಣ್ಣನ ಮೇಲಿನದೇನೂ ಪೂರ್ತಿ ಹೋಗಿಲ್ಲ, ಅದು ಅಭ್ಯಾಸದಿಂದ ಉಳಿದಿದೆ. ಆದರೆ ನಿಜವಾಗಿ ನನ್ನನ್ನು ಸುಡುವವನು ಆ ಕಾರ್ತೀಕದಲ್ಲಿದ್ದ, ಇಪ್ಪತ್ತೈದು ವರ್ಷದ ಆಸುಪಾಸಿನ ಕಾರಕೂನ. ದಿನವೆಲ್ಲ ಕಾಗದದಲ್ಲಿ ಮುಳುಗಿದ್ದರೂ ಸಂಜೆಗೆ ಅವನ ಹತ್ತಿರ ಒಂದು ಹೊಸ ಮಾತು ಇರುತ್ತಿತ್ತು. ಅವನಿಗೆ ಎದುರಿಗೆ ಕೂಡಲು ಅಪ್ಪಣೆ ಇರಲಿಲ್ಲ, ಹೆಸರು ಹಿಡಿದು ಕರೆಯುವಂತಿರಲಿಲ್ಲ, ಆದರೂ ಕಂಬದ ಹಿಂದಿನ ಒಂದು ಕೈಯನ್ನು ನಿಲ್ಲಿಸುತ್ತಿದ್ದ. ಅವನ ಮುಂದಿನ ಭಾಗವಾಗಿ ಬಂದಿರುವ ನಾನು ನಿಂತಲ್ಲಿ ನಿಂತು ರೇಶನ್ನಿನ ಸಕ್ಕರೆಯ ಸುದ್ದಿ ಮಾತಾಡುತ್ತೇನೆ. ನನಗೆ ಬಾಯಿ ಬಂದಿದೆ. ಮುಖವನ್ನು ಮಾತ್ರ ಕುಂಡದ ಕಡೆಗೆ ತಿರುಗಿಸಿರುತ್ತೇನೆ. ವಾಸಣ್ಣನಾದರೆ ಹೆಚ್ಚೆಂದರೆ ರವಿವಾರ ಬಂದು ಹೋಗುವವನು. ಆ ಹುಡುಗನನ್ನು ಯಾವ ಟಾಂಗಾದಲ್ಲಿ ಕೂಡಿಸಿ ಕಳಿಸಲಿ?

ಇಷ್ಟು ಬರೆಯುವಷ್ಟರಲ್ಲಿ ಒಲೆಯ ಕೆಲಸ ಮುಗಿಸಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು.

"ಏನದು, ಮುಂಜಾನಿಂದ ಬರೀಲಿಕ್ಕತ್ತೀರಿ? ಸೀಮೀಎಣ್ಣಿಗೆ ಅರ್ಜಿಯೇನು?"

"ಅಲ್ಲ. ಮೇಘಗಡದ್ದು," ಎಂದೆ, ಕೈಯಿಂದ ಹಾಳೆ ಮುಚ್ಚಿ.

ಅವಳು ಹೊರಡಲಿಲ್ಲ. "ಯಾವ ಭಾಗ?"

ಇಂಥ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಎಲ್ಲ ಆಪತ್ತುಗಳನ್ನೂ ಮೊದಲೇ ಎಣಿಸಿಡುವವನು ನಾನು, ಇದೊಂದು ತಪ್ಪಿಹೋಗಿತ್ತು. "ಮೂರನೇದು," ಎಂದು ಬಾಯಿಂದ ಬಂತು.

"ಮೂರನೇದೂ ಬಂತಽ? ಯಾರೂ ಹೇಳೇ ಇಲ್ಲ!"

"ಇನ್ನೂ ಬಂದಿಲ್ಲ."

ಅವಳು ನನ್ನನ್ನು ನೋಡಿದಳು, ಗೋಡೆಗೆ ಒರಗಿ ಎದುರಿಗೇ ಕುಳಿತಳು. "ಅರಸ ಇದ್ದಾನೋ?"

"ಇದ್ದಾನ. ವಯಸ್ಸಾಗ್ಯದ. ಸ್ವಲ್ಪ ಪುಕ್ಕಲಾ."

"ಅದು ಗೊತ್ತದ ನನಗ. ವಾಸಣ್ಣ?"

"ಅಂವಾ ಸೇನಾಪತಿ. ಮೊದಲನೇ ರೀಲಿನ್ಯಾಗ ಸಾಯ್ತಾನ."

"ಏ, ಸಾಯಸಬ್ಯಾಡ್ರಿ, ಮಕ್ಕಳಿದ್ದಾಂವ. ಎಲ್ಲೆರೆ ದೂರ ವರ್ಗಾ ಮಾಡ್ರಿ ಬೇಕಾದ್ರ."

ಯೋಚಿಸಿದೆ. "ಗುಂತಕಲ್ಲಿಗೆ ಹಾಕಿದೆ."

"ಅಲ್ಲೆ ಬಿಸಲು ಬಾಳ. ಇರ್ಲಿ, ನಡೀತದ." ಸೆರಗು ಸರಿಮಾಡಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ತಲೆ ಎತ್ತಿ ಕುಳಿತಳು. "ಹಾಂ, ಹೇಳ್ರಿ. ಅರಸ ಏನಂತಾನ?"

ನಾನು ಬಾಯಿ ತೆರೆದೆ. ಮೊದಲು ಕೆಮ್ಮು ಬಂತು. ಅವಳು ಕಾದಳು.